ಕುಳಿತುಕೊಳ್ಳುವ ಹಕ್ಕು: ಒಂದು ಶಾಸನದ ಕಥೆ

ಮನೆಗೆ ಬಂದವರಿಗೆ ಮೊದಲು ಮಣೆ, ಆಮೇಲೆ ನೀರು, ಅನಂತರ ಮಾತು. ಇದು ನಮ್ಮವರ ಹಳೆಯ ನಡಾವಳಿ. ಬಟ್ಟೆಯಂಗಡಿಯಲ್ಲಿಯೂ ಈ ಉಪಚಾರಕ್ಕೆ ಕೊರತೆಯಿಲ್ಲ. ಒಳಗೆ ಕಾಲಿಟ್ಟ ಗಿರಾಕಿಗೆ “ಬನ್ನಿ, ಕೂತುಕೊಳ್ಳಿ” ಎಂಬ ಸ್ವಾಗತ ದೊರೆಯುತ್ತದೆ. ಹಾಗೆ ಸ್ವಾಗತಿಸಿ, ಸೀರೆಯ ಮೇಲೆ ಸೀರೆಯನ್ನು ಬಿಡಿಸಿ ತೋರಿಸುವ ಹೆಣ್ಣುಮಗಳಾದರೋ ನಿಂತೇ ಇರುತ್ತಾಳೆ. ಗಿರಾಕಿಯಿಲ್ಲದ ಹೊತ್ತಿನಲ್ಲಾದರೂ ಆಕೆ ಕುಳಿತುಕೊಳ್ಳಬಹುದೆ? ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಹೇಳಲು ಶಾಸನವೇ ಬೇಕಾಯಿತು. ಆ ಶಾಸನ ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಕೆಲಸಕ್ಕೂ ಕಾಯಿಲೆಗೂ ಇರುವ ಸಂಬಂಧವನ್ನು ವಿಸ್ತಾರವಾಗಿ ವಿವೇಚಿಸಿದ ವೈದ್ಯರಲ್ಲಿ ಇಟಲಿ ದೇಶದ ಬರ್ನಾರ್ಡಿನೊ ರಮಜ್ಜೀನಿ ಅಗ್ರಗಣ್ಯನು. ಕಸುಬುದಾರರ ರೋಗಗಳನ್ನು ಕುರಿತು ಆತನು ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥವು 1700ರಲ್ಲಿ ಮೊಡೆನಾ ನಗರದಲ್ಲಿ ಪ್ರಕಟವಾಯಿತು. ನಿಂತು ಕೆಲಸಮಾಡುವವರ ಕಾಲಿನ ರಕ್ತನಾಳಗಳು ಉಬ್ಬುವುದನ್ನೂ, ಬಾಗಿ ಕುಳಿತು ದುಡಿಯುವ ದರ್ಜಿ ಮತ್ತು ಚಮ್ಮಾರರ ಬೆನ್ನು ಗೂನಾಗುವುದನ್ನೂ ಆತನು ಕಣ್ಣಾರೆ ಕಂಡು ದಾಖಲಿಸಿದನು. ರೋಗಿಯನ್ನು ಪರೀಕ್ಷಿಸುವ ವೈದ್ಯನು ಕೇಳುವ ಪ್ರಶ್ನೆಗಳ ಜೊತೆಗೆ “ನಿನ್ನ ಕಸುಬು ಯಾವುದು?” ಎಂಬುದನ್ನೂ ಸೇರಿಸಬೇಕೆಂದು ಆತನು ವಿಧಿಸಿದನು.

ಅಲುಗದೆ ನಿಲ್ಲುವುದು ನಡೆಯುವುದಕ್ಕಿಂತ ಏಕೆ ಹೆಚ್ಚು ಕಷ್ಟವೆಂಬುದು ಶರೀರಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಸಂಕುಚಿತವಾಗಿ ಕಾಲಿನ ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೆ ತಳ್ಳುತ್ತವೆ. ನಿಂತಲ್ಲಿಯೇ ನಿಂತಾಗ ಈ ಸಹಾಯ ತಪ್ಪುತ್ತದೆ. ರಕ್ತವು ಕೆಳಗೆ ಸಂಗ್ರಹವಾಗುತ್ತದೆ. ಪಾದ ಊದುತ್ತದೆ, ಸೊಂಟ ನೋಯುತ್ತದೆ. ಹೀಗೆ ವರ್ಷಗಳು ಕಳೆದರೆ ನೋವು ರೋಗವಾಗಿ ಬೇರೂರುತ್ತದೆ.

ಇಂಗ್ಲೆಂಡಿನ ಪಾರ್ಲಿಮೆಂಟು 1899ರಲ್ಲಿ ಅಂಗಡಿಯ ಕೆಲಸಗಾರ್ತಿಯರ ಆಸನಗಳಿಗಾಗಿಯೇ ಒಂದು ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಮೂವರು ಹೆಂಗಸರಿಗೆ ಕನಿಷ್ಠ ಒಂದು ಆಸನವಿರಬೇಕೆಂಬುದು ಅದರ ವಿಧಿ. ಮೂವರಿಗೆ ಒಂದೇ ಆಸನವೆಂದರೆ ಇಬ್ಬರು ನಿಂತೇ ಇರಬೇಕಷ್ಟೆ. ಆದರೂ ಕೆಲಸಗಾರರ ಕಾಲುನೋವು ಮಾಲೀಕನ ಹೊಣೆಯೂ ಹೌದೆಂಬ ತತ್ತ್ವವನ್ನು ಆ ಕಾಯಿದೆ ಒಪ್ಪಿಕೊಂಡಿತು.

ನಮ್ಮ ದೇಶದಲ್ಲಿ ಮೊದಲ ಕಾರ್ಖಾನೆ ಕಾಯಿದೆ 1881ರಲ್ಲಿ ಬಂದಿತು. ಮಕ್ಕಳ ವಯಸ್ಸು ಮತ್ತು ದುಡಿಮೆಯ ಗಂಟೆಗಳೇ ಅದರ ಮುಖ್ಯ ವಿಷಯ. ಸ್ವಾತಂತ್ರ್ಯಾನಂತರ ರಚಿತವಾದ 1948ರ ಕಾರ್ಖಾನೆ ಕಾಯಿದೆ ದೇಹದ ಭಂಗಿಯನ್ನೂ ಗಮನಕ್ಕೆ ತಂದುಕೊಂಡಿತು. ಅಪಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದು ಅದರ 34ನೆಯ ಕಲಮು ವಿಧಿಸಿತು. ನಿಂತು ದುಡಿಯಲೇಬೇಕಾದವರಿಗೆ ಕೆಲಸದ ನಡುವೆ ವಿಶ್ರಾಂತಿಯ ಅವಕಾಶ ದೊರೆತಾಗ ಕುಳಿತುಕೊಳ್ಳಲು ತಕ್ಕ ಏರ್ಪಾಡು ಇರಬೇಕೆಂದು 44ನೆಯ ಕಲಮು ಹೇಳಿತು. ಕುಳಿತೇ ಮಾಡಬಹುದಾದ ಕೆಲಸವಿದ್ದರೆ ಆಸನವನ್ನು ಒದಗಿಸುವಂತೆ ಲಿಖಿತ ಆಜ್ಞೆ ಮಾಡುವ ಅಧಿಕಾರವೂ ಮುಖ್ಯ ತನಿಖಾಧಿಕಾರಿಗೆ ಲಭಿಸಿತು.

ಆದರೆ ಅಂಗಡಿಯು ಕಾರ್ಖಾನೆಯಲ್ಲ. ಬಟ್ಟೆಯನ್ನು ನೇಯುವ ಗಿರಣಿಗೆ ಅನ್ವಯಿಸಿದ ಈ ವಿಧಿ, ಅದೇ ಬಟ್ಟೆಯನ್ನು ಮಾರುವ ಮಳಿಗೆಯ ಹೊಸ್ತಿಲನ್ನು ದಾಟಲಿಲ್ಲ. ಅಂಗಡಿಗಳಿಗೆ ಬೇರೆ ಶಾಸನಗಳಿದ್ದುವು: ತಮಿಳುನಾಡಿನಲ್ಲಿ 1947ರದು, ಕೇರಳದಲ್ಲಿ 1960ರದು. ಅವುಗಳಲ್ಲಿ ರಜೆ, ವೇಳೆ ಮೊದಲಾದವುಗಳ ನಿಯಮಗಳಿದ್ದರೂ ಆಸನದ ಕಲಮನ್ನು ಸೇರಿಸಲು ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು.

ಈ ಕೊರತೆಯನ್ನು ಎತ್ತಿ ತೋರಿಸಿದವರು ಅದನ್ನು ಅನುಭವಿಸುತ್ತಿದ್ದ ಹೆಂಗಸರೇ. ಕೋಝಿಕ್ಕೋಡಿನಲ್ಲಿ ಹೊಲಿಗೆಯ ಕಸುಬಿನವರಾದ ಪಿ. ವಿಜಿ ಮತ್ತು ಅವರ ಸಂಗಾತಿಗಳು 2010ರ ಸುಮಾರಿಗೆ ‘ಪೆಣ್‌ಕೂಟ್ಟು’ ಎಂಬ ಸಂಘಟನೆಯನ್ನು ಕಟ್ಟಿದರು. ಅವರ ಆರಂಭದ ಬೇಡಿಕೆ ಕುರ್ಚಿಯಲ್ಲ, ಶೌಚಾಲಯ. ಅಂಗಡಿಬೀದಿಯಲ್ಲಿ ಅದಕ್ಕೆ ವ್ಯವಸ್ಥೆಯಿಲ್ಲದೆ ಹೆಂಗಸರು ದಿನವಿಡೀ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅಲ್ಲಿಂದ ಮುಂದೆ ಕುಳಿತುಕೊಳ್ಳುವ ಹಕ್ಕಿನ ಮಾತು ಬೆಳೆಯಿತು. ತ್ರಿಶೂರಿನ ಒಂದು ಬಟ್ಟೆಯಂಗಡಿಯ ಹೆಂಗಸರು ಇದಕ್ಕಾಗಿಯೇ ಮುಷ್ಕರ ಹೂಡಿದರು. ಜನರು ಅದನ್ನು ‘ಇರಿಕ್ಕಲ್ ಸಮರಂ’, ಎಂದರೆ ಕುಳಿತುಕೊಳ್ಳುವ ಹೋರಾಟ, ಎಂದು ಕರೆದರು.

ಕೇರಳ ಸರಕಾರವು 2018ರಲ್ಲಿ ಅಂಗಡಿಗಳ ಕಾಯಿದೆಯನ್ನು ತಿದ್ದಿ ಆಸನದ ವಿಧಿಯನ್ನು ಸೇರಿಸಿತು. 2021ರಲ್ಲಿ ತಮಿಳುನಾಡೂ ಅದೇ ಬಗೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಕಾಸರಗೋಡಿನ, ನೀಲಗಿರಿಯ, ಹೊಸೂರಿನ ಕನ್ನಡಿಗರ ಮನೆಗಳಿಂದ ಅಂಗಡಿಯ ಕೆಲಸಕ್ಕೆ ಹೋಗುವವರಿಗೂ ಈ ಹಕ್ಕು ಸೇರಿದ್ದು. ಕಾರ್ಖಾನೆ ಕಾಯಿದೆಯ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ವ್ಯಾಪಾರದ ಸ್ಥಳಗಳನ್ನೂ ಒಳಗೊಳ್ಳುವ ಆ ಸಂಹಿತೆಯಲ್ಲಿಯೂ ಆಸನದ ವಿಧಿಯುಂಟು. ಆದರೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯಿಸುವುದರಿಂದ, ಚಿಕ್ಕ ಅಂಗಡಿಯವರಿಗೆ ರಾಜ್ಯದ ಶಾಸನವೇ ಆಸರೆ.

ಈ ಇತಿಹಾಸದಿಂದ ತಿಳಿಯುವ ಸಂಗತಿ ಒಂದೇ. ವೈದ್ಯನು 1700ರಲ್ಲಿ ಕಂಡ ನೋವು, 1948ರಲ್ಲಿ ಕಾರ್ಖಾನೆಯ ಕಾಯಿದೆಯಲ್ಲಿ ಮನ್ನಣೆ ಪಡೆದ ನೋವು, ಮಳಿಗೆಯ ಬಾಗಿಲಲ್ಲಿ ಮತ್ತೆ ಎಪ್ಪತ್ತು ವರ್ಷ ಕಾಯಿತು. ತಿಳಿವಳಿಕೆಗೆ ಕೊರತೆಯಿರಲಿಲ್ಲ, ಯಾರ ಕಾಲುಗಳು ಲೆಕ್ಕಕ್ಕೆ ಬರುತ್ತವೆಂಬುದೇ ಪ್ರಶ್ನೆಯಾಗಿತ್ತು. ಇಂದಿಗೂ ಕುರ್ಚಿಯನ್ನು ತಂದಿರಿಸಿದ ಮಾತ್ರಕ್ಕೆ ಕಾಯಿದೆ ಪಾಲಿತವಾದಂತಲ್ಲ. ಕುಳಿತವಳನ್ನು ಕಂಡು ಯಜಮಾನನ ಹುಬ್ಬು ಗಂಟಿಕ್ಕಿದರೆ ಆ ಕುರ್ಚಿ ಬರಿದಾಗಿಯೇ ಉಳಿಯುತ್ತದೆ.

ಹಲಗೆಯ ಮುಂದೆ ದಿನವೆಲ್ಲ ನಿಲ್ಲುವ ಅಧ್ಯಾಪಕರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ. ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಸಂಜೆ ಮನೆಗೆ ಮರಳಿದ ತಾಯಿಯನ್ನೋ ಅಕ್ಕನನ್ನೋ ರಮಜ್ಜೀನಿಯಂತೆ ವಿಚಾರಿಸಿರಿ. ಇಂದು ಯಾವ ಕೆಲಸ ಮಾಡಿದೆ, ಎಷ್ಟು ಹೊತ್ತು ನಿಂತಿದ್ದೆ ಎಂದು ಕೇಳಿರಿ. ಅದಕ್ಕಿಂತ ಮೊದಲು ಮಣೆ ಹಾಕಿರಿ.