ಎರಡು ಗ್ರೆನೇಡ್: ಒಂದು ಶತ್ರುವಿಗೆ, ಇನ್ನೊಂದು ನಿನಗೆ

1945ರ ಮಾರ್ಚ್ 31. ಜಪಾನಿನ ದಕ್ಷಿಣ ತುದಿಯಲ್ಲಿರುವ ಒಕಿನಾವಾ ದ್ವೀಪದಲ್ಲಿ, ಶಿಕ್ಷಕರ ತರಬೇತಿ ಕಾಲೇಜಿನ ಹುಡುಗರನ್ನು ಸೇರಿಸಿ, ಇವತ್ತಿನಿಂದ ನೀವು ಸೈನಿಕರು ಎಂದು ಹೇಳಿದರು. ಮರುದಿನವೇ ಅಮೆರಿಕದ ಸೇನೆ ದ್ವೀಪಕ್ಕೆ ಇಳಿಯಿತು.

ಆ ಹುಡುಗರಲ್ಲಿ ಒಬ್ಬ ಮಸಾಹಿದೆ ಓಟಾ. ವಯಸ್ಸು 19. ಕುಮೆ ಎಂಬ ಪುಟ್ಟ ದ್ವೀಪದಿಂದ ಮೇಷ್ಟ್ರಾಗಲೆಂದು ಓದಲು ಬಂದಿದ್ದವನು. ಅವನ ಕೈಗೆ ಬಂದದ್ದು ಒಂದು ಬಂದೂಕು, ಒಂದಿಷ್ಟು ಗುಂಡು, ಎರಡು ಗ್ರೆನೇಡ್. ಒಂದು ಶತ್ರುವಿನ ಮೇಲೆ ಎಸೆಯಲು, ಇನ್ನೊಂದು ಸಿಕ್ಕಿಬಿದ್ದರೆ ತಾನೇ ಸಾಯಲು.

ಕಾಗದದ ಮೇಲಿನ ಸ್ವಯಂಸೇವಕರು

ಓಟಾ ಅವರಲ್ಲಿ ದೊಡ್ಡವರ ಸಾಲಿನವನು. ದ್ವೀಪದ ಪ್ರೌಢಶಾಲೆಗಳಿಂದ 14–15 ವರ್ಷದ ಮಕ್ಕಳನ್ನೂ ಕರೆದೊಯ್ದಿದ್ದರು. ಈ ದಳಗಳಿಗೆ 'ಕಬ್ಬಿಣ ಮತ್ತು ರಕ್ತ' ಎಂಬ ಹೆಸರು. 17 ತುಂಬದವರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸಲು ಕಾನೂನಿನಲ್ಲಿ ಅವಕಾಶ ಇರಲಿಲ್ಲ. ಅದಕ್ಕೇ ಅವರನ್ನೆಲ್ಲ ಸ್ವಯಂಸೇವಕರು ಎಂದು ಬರೆದುಕೊಂಡರು. ಹೆತ್ತವರ ಒಪ್ಪಿಗೆ ಬೇಕಿತ್ತು. ಎಷ್ಟೋ ಕಡೆ ಆ ಒಪ್ಪಿಗೆಯೂ ಕಾಗದದ ಮೇಲಷ್ಟೇ. ಮೇಷ್ಟ್ರು ಹೇಳಿದ ಮೇಲೆ ಇಲ್ಲ ಅನ್ನುವ ಧೈರ್ಯ ಯಾವ ಮಗುವಿಗೆ ಇದ್ದೀತು?

ಹುಡುಗಿಯರನ್ನೂ ಬಿಡಲಿಲ್ಲ. ಹಿಮೆಯೂರಿ ಎಂದು ಹೆಸರಾದ ದಳದಲ್ಲಿ 222 ವಿದ್ಯಾರ್ಥಿನಿಯರನ್ನು ಗುಹೆಯೊಳಗಿನ ಸೇನಾ ಆಸ್ಪತ್ರೆಗೆ ದಾದಿಯರಾಗಿ ಕಳಿಸಿದರು. ಅವರಲ್ಲಿ 123 ಮಂದಿ ಮನೆಗೆ ಮರಳಲಿಲ್ಲ.

ಸುದ್ದಿ ಹಂಚುವ ಕೆಲಸ

ಓಟಾನಿಗೆ ಸಿಕ್ಕಿದ್ದು ಸುದ್ದಿಯ ಕೆಲಸ. ಶುರಿ ಕೋಟೆಯ ಕೆಳಗೆ ಸುರಂಗದಲ್ಲಿ ಸೇನೆಯ ಕೇಂದ್ರ ಕಚೇರಿ ಇತ್ತು. ಅಲ್ಲಿಂದ ಬರುವ ಯುದ್ಧದ ಸುದ್ದಿಯನ್ನು ಗುಹೆಯಿಂದ ಗುಹೆಗೆ ಓಡಿ, ಅಡಗಿ ಕುಳಿತ ಸೈನಿಕರಿಗೂ ಜನರಿಗೂ ತಲುಪಿಸಬೇಕು. ಸುದ್ದಿಯಲ್ಲಿ ಜಪಾನ್ ಗೆಲ್ಲುತ್ತಿತ್ತು. ಹೊರಗೆ ಶೆಲ್‌ಗಳ ಮಳೆ ಸುರಿಯುತ್ತಿತ್ತು.

ಮೇ ಕೊನೆಯಲ್ಲಿ ಜಡಿಮಳೆ. ಶುರಿ ಕೈಬಿಟ್ಟ ಸೇನೆ ಕೆಸರಿನಲ್ಲಿ ದಕ್ಷಿಣಕ್ಕೆ ಹಿಮ್ಮೆಟ್ಟಿತು. ಅಲ್ಲಿ ಮೊದಲೇ ಸಾವಿರಾರು ಹಳ್ಳಿಗರು ಗುಹೆಗಳಲ್ಲಿ ಆಶ್ರಯ ಪಡೆದಿದ್ದರು. ಸೈನಿಕರಿಗೆ ಜಾಗ ಬೇಕೆಂದು ಅವರನ್ನು ಹೊರಗೆ ಅಟ್ಟಿದರು. ಊಟ ಕಿತ್ತುಕೊಂಡರು. ಅಳುವ ಕೂಸುಗಳಿಂದ ಅಡಗುತಾಣ ಗೊತ್ತಾಗುತ್ತದೆಂದು ತಾಯಂದಿರನ್ನು ಬೆದರಿಸಿದರು. ನಮ್ಮನ್ನು ಕಾಯಲು ಬಂದ ಸೇನೆ ಎಂದು ಜನ ನಂಬಿದ್ದು ಇದೇ ಸೇನೆಯನ್ನು.

ಜೂನ್ 18ರ ಹೊತ್ತಿಗೆ ವಿದ್ಯಾರ್ಥಿ ದಳಗಳನ್ನು ವಿಸರ್ಜಿಸುವ ಆದೇಶ ಬಂತು. ಸುತ್ತಲೂ ಶತ್ರುಸೇನೆ, ಹಿಂದೆ ಸಮುದ್ರ. ಇನ್ನು ನಿಮ್ಮ ದಾರಿ ನೀವು ನೋಡಿಕೊಳ್ಳಿ ಎಂದಂತೆ. ಎಷ್ಟೋ ಮಕ್ಕಳು ಸತ್ತದ್ದು ಆ ನಂತರದ ಕೆಲವೇ ದಿನಗಳಲ್ಲಿ. ಆ ವಾರವೇ ಸೇನಾಧಿಪತಿ ಉಶಿಜಿಮಾ ಮಬುನಿ ಎಂಬಲ್ಲಿ ಆತ್ಮಹತ್ಯೆ ಮಾಡಿಕೊಂಡ. ಸಂಘಟಿತ ಯುದ್ಧ ಮುಗಿಯಿತು. ವಿಚಿತ್ರ ನೋಡಿ: 15 ತುಂಬಿದ ಹುಡುಗರನ್ನು ಯುದ್ಧಕ್ಕೆ ಕರೆಯುವ ಕಾನೂನು ಟೋಕಿಯೋದಲ್ಲಿ ಜಾರಿಯಾದದ್ದು ಆ ಜೂನ್‌ನಲ್ಲೇ.

ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟಿರುವ ಆ ದ್ವೀಪದಲ್ಲಿ ಮೂರು ತಿಂಗಳೊಳಗೆ ಒಂದು ಲಕ್ಷಕ್ಕೂ ಹೆಚ್ಚು ಸ್ಥಳೀಯರು ಸತ್ತರು. ಸೇನೆಗೆ ಸೇರಿಸಿದ್ದ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿಯಲಿಲ್ಲ.

ಬದುಕಿ ಉಳಿದವನು

ಗಾಯಗೊಂಡ ಓಟಾ ಅಕ್ಟೋಬರ್‌ವರೆಗೂ ಅಡಗಿಯೇ ಇದ್ದ. ಜಪಾನ್ ಶರಣಾಗಿ ಎರಡು ತಿಂಗಳು ಕಳೆದಿತ್ತು. ಎರಡನೇ ಗ್ರೆನೇಡನ್ನು ಅವನು ತನ್ನ ಮೇಲೆ ಬಳಸಲಿಲ್ಲ.

ಮುಂದೆ ಅವರು ಅಮೆರಿಕಕ್ಕೆ ಹೋಗಿ ಪತ್ರಿಕೋದ್ಯಮ ಓದಿದರು. ಊರಿಗೆ ಬಂದು ಪ್ರಾಧ್ಯಾಪಕರಾದರು. ಸತ್ತ ಸಹಪಾಠಿಗಳ ಕಥೆಯನ್ನು ಪುಸ್ತಕ ಮಾಡಿದರು. ಸುಳ್ಳು ಸುದ್ದಿ ಹೊತ್ತು ಓಡಿದ ಹುಡುಗ, ಜೀವನಪೂರ್ತಿ ನಿಜ ಏನಾಗಿತ್ತು ಎಂದು ಹುಡುಕಿದ. ಸುದ್ದಿ ಬರೆಯುವ ನಮ್ಮಂಥವರು ಇದನ್ನು ಮರೆಯುವಂತಿಲ್ಲ.

1990ರಲ್ಲಿ ಓಟಾ ಒಕಿನಾವಾದ ಗವರ್ನರ್ ಆಗಿ ಆಯ್ಕೆಯಾದರು. 1995ರ ಜೂನ್ 23ರಂದು, ಯುದ್ಧ ಕೊನೆಗೊಂಡ ಅದೇ ಮಬುನಿಯಲ್ಲಿ, ಸಾಲು ಸಾಲು ಕಪ್ಪು ಕಲ್ಲುಗಳ ಸ್ಮಾರಕ ಉದ್ಘಾಟನೆಯಾಯಿತು. ಅದರ ಮೇಲೆ ಈಗ 2,40,000ಕ್ಕೂ ಹೆಚ್ಚು ಹೆಸರುಗಳಿವೆ. ಒಕಿನಾವಾದವರು, ಜಪಾನಿನ ಸೈನಿಕರು, ಕೊರಿಯಾದವರು, ಜೊತೆಗೆ 14,000ಕ್ಕೂ ಹೆಚ್ಚು ಅಮೆರಿಕನ್ನರು. ಶತ್ರು–ಮಿತ್ರ ಎಂಬ ಭೇದವಿಲ್ಲ. ಯಾರಿಗೂ ಪದವಿ ಬರೆದಿಲ್ಲ.

ಓಟಾ 2017ರಲ್ಲಿ, ತಮ್ಮ 92ನೇ ಹುಟ್ಟುಹಬ್ಬದ ದಿನ ತೀರಿಕೊಂಡರು. ಪ್ರತಿ ವರ್ಷ ಜೂನ್ 23ಕ್ಕೆ ಮನೆಯವರು ಇಂದಿಗೂ ಅಲ್ಲಿಗೆ ಬರುತ್ತಾರೆ. ತಮ್ಮವರ ಹೆಸರು ಹುಡುಕಿ, ಕಲ್ಲಿನ ಬುಡದಲ್ಲಿ ಹೂವಿಟ್ಟು, ನೀರು ಇಟ್ಟು ಹೋಗುತ್ತಾರೆ.