ನಿಧಿ ಹುಡುಕಿದ ಸಿನಿಮಾನೇ ಕಳೆದುಹೋಯ್ತು

ಇವತ್ತು ನಾನು ಹೇಳೋಕೆ ಹೊರಟಿರೋದು ನಾನು ನೋಡೇ ಇಲ್ಲದ ಒಂದು ಸಿನಿಮಾದ ಬಗ್ಗೆ. ಟಿಕೆಟ್ ಸಿಗದೆ ತಪ್ಪಿಸ್ಕೊಂಡಿದ್ದಲ್ಲ. ಅದರ ಒಂದೇ ಒಂದು ಪ್ರಿಂಟು ಕೂಡ ಇವತ್ತಿನವರೆಗೆ ಸಿಕ್ಕಿಲ್ಲ.

ಸಿನಿಮಾದ ಹೆಸರು 'ಟ್ರೆಷರ್ ಐಲ್ಯಾಂಡ್'. 1920ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಮೂಕಿ ಚಿತ್ರ. ಮೂಲ, ರಾಬರ್ಟ್ ಲೂಯಿ ಸ್ಟೀವನ್‌ಸನ್ ಬರೆದ ಅದೇ ಹೆಸರಿನ ಸಾಹಸ ಕಾದಂಬರಿ.

ಆ ಕಾದಂಬರಿ ಹುಟ್ಟಿದ್ದು ಒಂದು ನಕ್ಷೆಯಿಂದ. 1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್ ಅನ್ನೋ ಹಳ್ಳಿ. ಹೊರಗೆ ಬಿಡದ ಮಳೆ. ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್ ಜತೆ ಬಣ್ಣ ಹಚ್ತಾ ಕೂತಿದ್ದ ಸ್ಟೀವನ್‌ಸನ್ ಒಂದು ದ್ವೀಪದ ನಕ್ಷೆ ಬರೆದ್ರು. ಆಮೇಲೆ ಆ ನಕ್ಷೆಯೊಳಗೆ ಕಡಲ್ಗಳ್ಳರು ಬಂದ್ರು, ಹೂತಿಟ್ಟ ನಿಧಿ ಬಂತು. ಕಥೆ ಮೊದಲು ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, 1883ರಲ್ಲಿ ಪುಸ್ತಕವಾಯ್ತು. ಪುಸ್ತಕಕ್ಕೆ ಅಂತ ಪ್ರಕಾಶಕರಿಗೆ ಕಳಿಸಿದ ಆ ಮೂಲ ನಕ್ಷೆ ಮಾತ್ರ ತಲುಪಲೇ ಇಲ್ಲ! ಸ್ಟೀವನ್‌ಸನ್ ತಾವೇ ಬರೆದ ಕಥೆಯನ್ನ ಮತ್ತೆ ಓದಿ, ಅಳತೆ ಹೊಂದಿಸಿ, ಹೊಸ ನಕ್ಷೆ ಬರೀಬೇಕಾಯ್ತು. ಆ ಹೊಸದು ಮೊದಲಿನದರ ಹಾಗೆ ಇರಲಿಲ್ಲ ಅಂತ ಅವರಿಗೆ ಕೊನೆವರೆಗೂ ಕೊರಗಿತ್ತು.

ಈಗ ಸಿನಿಮಾಕ್ಕೆ ಬರೋಣ. ನಿರ್ದೇಶಕ ಮೌರಿಸ್ ಟೂರ್ನರ್, ಫ್ರಾನ್ಸಿನಿಂದ ಅಮೆರಿಕಕ್ಕೆ ಬಂದವರು. ನೆರಳು ಬೆಳಕಿನಲ್ಲೇ ಕಥೆ ಹೇಳೋಕೆ ಹೆಸರಾಗಿದ್ದವರು. ಕಥೆಯ ಹುಡುಗ ಜಿಮ್ ಹಾಕಿನ್ಸ್ ಪಾತ್ರ ಮಾಡಿದ್ದು ಹುಡುಗ ಅಲ್ಲ, ಶರ್ಲಿ ಮೇಸನ್ ಅನ್ನೋ ಹತ್ತೊಂಬತ್ತರ ನಟಿ. ಒಂಟಿ ಕಾಲಿನ ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್ ಆಗಿ ಚಾರ್ಲ್ಸ್ ಓಗಲ್. ಮುಂದೆ 'ಸಾವಿರ ಮುಖಗಳ ಮನುಷ್ಯ' ಅಂತ ಪ್ರಸಿದ್ಧರಾದ ಲಾನ್ ಚೇನಿ ಇದರಲ್ಲಿ ದ್ವಿಪಾತ್ರ ಮಾಡಿದ್ರು. ಅದರಲ್ಲೊಂದು ಕುರುಡ ಪ್ಯೂ.

ಕಾದಂಬರಿ ಓದಿದವರಿಗೆ ಪ್ಯೂ ಅಂದ್ರೆ ಮೊದಲು ನೆನಪಾಗೋದು ಒಂದು ಸದ್ದು. ರಸ್ತೆ ಮೇಲೆ ಕೋಲು ಕುಟ್ಟುತ್ತಾ ಬರೋ ಟಕ್, ಟಕ್. ಮುಖಕ್ಕಿಂತ ಮೊದಲು ಸದ್ದು ಹೆದರಿಸುತ್ತೆ. ಸದ್ದೇ ಇಲ್ಲದ ಸಿನಿಮಾದಲ್ಲಿ ಚೇನಿ ಮತ್ತು ಟೂರ್ನರ್ ಅದನ್ನ ಹೇಗೆ ತೋರಿಸಿದ್ರು? ನನ್ನ ತಲೆ ಕೊರೆಯೋದು ಈ ಪ್ರಶ್ನೆ. ಉಳಿದಿರೋ ಸ್ಥಿರಚಿತ್ರಗಳನ್ನ ಫೋನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೀನಿ. ವೇಷ ಕಾಣುತ್ತೆ, ನಡಿಗೆ ಕಾಣಲ್ಲ.

ಒಂದು ವಿಚಿತ್ರ ನೋಡಿ. ಅದೇ 1920ರಲ್ಲಿ ಇದೇ ಟೂರ್ನರ್, ಕ್ಲಾರೆನ್ಸ್ ಬ್ರೌನ್ ಜತೆ ಸೇರಿ 'ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್' ಮಾಡಿದ್ರು. ಅದೂ ಸಾಹಸ ಕಾದಂಬರಿಯೇ. ಅದು ಉಳೀತು, ಇವತ್ತೂ ನೋಡಬಹುದು. ಉಳಿದಿದ್ದು ಚೆನ್ನಾಗಿತ್ತು, ಹೋಗಿದ್ದು ಚೆನ್ನಾಗಿರಲಿಲ್ಲ ಅಂತಲ್ಲ. ಯಾವುದು ಉಳೀಬೇಕು ಅಂತ ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಅಷ್ಟೇ.

ಹಾಗಾದ್ರೆ ಸಿನಿಮಾಗಳು ಕಳೆದುಹೋಗಿದ್ದು ಹೇಗೆ? ಆಗಿನ ಫಿಲ್ಮು ನೈಟ್ರೇಟ್‌ದು. ಬೇಗ ಹೊತ್ತಿಕೊಳ್ಳುತ್ತೆ, ಹೊತ್ತಿದ್ರೆ ನೀರು ಹಾಕಿದ್ರೂ ಆರಲ್ಲ. 1937ರಲ್ಲಿ ನ್ಯೂಜೆರ್ಸಿಯ ಒಂದು ಗೋದಾಮಿಗೆ ಬೆಂಕಿ ಬಿದ್ದು, ಫಾಕ್ಸ್ ಕಂಪನಿಯ ಬಹುಪಾಲು ಮೂಕಿ ಚಿತ್ರಗಳು ಹೋದ್ವು. ಬೆಂಕಿ ಬೀಳದಿದ್ರೂ ಫಿಲ್ಮು ತಾನಾಗಿ ಕೊಳೆತು ಅಂಟಾಗಿ, ಕೊನೆಗೆ ಪುಡಿಯಾಗುತ್ತೆ. ಇದೆಲ್ಲಕ್ಕಿಂತ ದೊಡ್ಡ ಕಾರಣ ಅಸಡ್ಡೆ. 1927ರ ನಂತರ ಮಾತಿನ ಸಿನಿಮಾ ಬಂತು. ಮೂಕಿಗಳು ಯಾರಿಗೂ ಬೇಡವಾದ್ವು. ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತಲ್ಲ, ಅದನ್ನ ತೆಗೆಯೋಕೆ ಅಂತಲೇ ಎಷ್ಟೋ ಹಳೇ ರೀಲುಗಳನ್ನ ನಾಶ ಮಾಡಿದ್ರು. ನಿಧಿ ಬೇರೆಲ್ಲೋ ಇದೆ ಅಂದ್ಕೊಂಡು, ಕೈಯಲ್ಲಿದ್ದ ನಿಧಿಯನ್ನೇ ಕರಗಿಸಿದ ಹಾಗೆ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸ್ತು. ಅಲ್ಲಿ ತಯಾರಾದ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಸುಮಾರು 70% ಪೂರ್ತಿ ಕಳೆದುಹೋಗಿವೆ.

ನಮ್ಮ ಕಥೆ ಏನು? ಅದಕ್ಕಿಂತ ಕಷ್ಟ. ಭಾರತದ ಮೂಕಿ ಚಿತ್ರಗಳಲ್ಲಿ ಉಳಿದಿರೋದು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ನಮ್ಮ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ 'ವಸಂತಸೇನಾ' ಕೂಡ ಇಲ್ಲ. ಕೈಲಾಸಂ ಕ್ಯಾಮೆರಾ ಮುಂದೆ ಹೇಗಿದ್ರು ಅಂತ ನೋಡೋ ಆಸೆ ಆಸೆಯಾಗೇ ಉಳೀತು.

ಆದ್ರೆ ಪಕ್ಕದ ಕೇರಳದ 'ಮಾರ್ತಾಂಡ ವರ್ಮ' ನೋಡಿ. 1933ರ ಮೂಕಿ, ಸಿ.ವಿ. ರಾಮನ್ ಪಿಳ್ಳೆಯವರ ಕಾದಂಬರಿ ಆಧರಿಸಿದ್ದು. ಕಾದಂಬರಿಯ ಹಕ್ಕು ಹೊಂದಿದ್ದ ಪ್ರಕಾಶಕರು ಕೇಸ್ ಹಾಕಿದ್ರು, ಪ್ರದರ್ಶನ ನಿಂತು ಹೋಯ್ತು, ನಿರ್ಮಾಪಕರು ಮುಳುಗಿದ್ರು. ಪ್ರಿಂಟು ಮಾತ್ರ ಪುಸ್ತಕದವರ ಬಳಿ ದಶಕಗಳ ಕಾಲ ಬಿದ್ದಿತ್ತು. 1974ರಲ್ಲಿ ಅದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸೇರ್ತು. ಸಿನಿಮಾವನ್ನ ಮುಗಿಸಿದ ಕೇಸೇ ಅದನ್ನ ಉಳಿಸಿತು!

ಅದಕ್ಕೇ 'ಟ್ರೆಷರ್ ಐಲ್ಯಾಂಡ್' ವಿಷಯದಲ್ಲೂ ನಾನು ಪೂರ್ತಿ ಆಸೆ ಬಿಟ್ಟಿಲ್ಲ. 1978ರಲ್ಲಿ ಕೆನಡಾದ ಡಾಸನ್ ಸಿಟಿಯಲ್ಲಿ ಕಟ್ಟಡಕ್ಕೆ ಅಂತ ನೆಲ ಅಗೆದಾಗ, ಮುಚ್ಚಿದ್ದ ಹಳೇ ಈಜುಕೊಳದೊಳಗೆ 500ಕ್ಕೂ ಹೆಚ್ಚು ರೀಲು ಸಿಕ್ವು. ವಾಪಸ್ ಕಳಿಸೋ ಖರ್ಚು ಯಾರಿಗೂ ಬೇಡವಾಗಿ ಅಲ್ಲೇ ಹೂತಿದ್ದವು. ಅಲ್ಲಿನ ಹಿಮ ಅವನ್ನ ಕಾದಿತ್ತು.

ಕೊನೆಗೆ ನನ್ನದೊಂದು ಮಾತು. ನನ್ನ ಅಜ್ಜಿ ಸೋಬಾನೆ ಹಾಡ್ತಿದ್ದ ಎರಡು ನಿಮಿಷದ ವಿಡಿಯೋ ನನ್ನ ಹಳೇ ಫೋನಲ್ಲಿತ್ತು. ಫೋನು ಸತ್ತಿತು. ಅಜ್ಜಿ ಈಗಿಲ್ಲ. ಇನ್ನೊಂದು ಕಾಪಿ ಮಾಡ್ಕೊಳ್ಳೋಕೆ ಬೇಕಿದ್ದದ್ದು ಎರಡು ನಿಮಿಷ, 'ನಾಳೆ ಮಾಡಿದ್ರಾಯ್ತು' ಅಂತ ಬಿಟ್ಟಿದ್ದೆ. ಸ್ಟುಡಿಯೋದವರನ್ನ ಬೈಯೋಕೆ ಹೊರಟಾಗಲೆಲ್ಲ ಇದು ನೆನಪಾಗುತ್ತೆ.

ಈ ಸಂಚಿಕೆ ಮುಗಿದ ಮೇಲೆ ನಿಮ್ಮ ಗ್ಯಾಲರಿ ಒಂದ್ಸಲ ತೆಗೀರಿ. ಯಾರ ದನಿ ಅಲ್ಲಿ ಒಂದೇ ಕಡೆ ಇದೆಯೋ, ಅದನ್ನ ಇನ್ನೊಂದು ಕಡೆಗೂ ಹಾಕಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.