ಫಿನ್ನಿಷೋ, ಸ್ವೀಡಿಷೋ? ಒಂದು ಭಾಷಾ ಪರೀಕ್ಷೆಯ ಹಿಂದಿರುವ ಹಳೇ ಜಗಳ

ಇವತ್ತಿನ ಕಂತು ಹುಟ್ಟಿದ್ದು ಒಂದು ವಾಟ್ಸಾಪ್ ಕಾಲ್‌ನಿಂದ.

ನಮ್ಮ ದೊಡ್ಡಮ್ಮನ ಮಗಳು ಫಿನ್‌ಲ್ಯಾಂಡಿನ ಎಸ್ಪೋದಲ್ಲಿದ್ದಾಳೆ. ಹೆಲ್ಸಿಂಕಿಗೆ ಅಂಟಿಕೊಂಡಿರೋ ಊರು ಅದು. ಭಾವನಿಗೆ ಅಲ್ಲಿ ಸಾಫ್ಟ್‌ವೇರ್ ಕೆಲಸ, ನಾಲ್ಕು ವರ್ಷದ ಮಗಳು ಡೇಕೇರ್‌ಗೆ ಹೋಗ್ತಾಳೆ. ಮೊನ್ನೆ ಅಕ್ಕ ಫೋನ್ ಮಾಡಿ ನೇರವಾಗಿ ಕೇಳಿದಳು: "ಏನೇ, ಹಿಸ್ಟರಿ ಹಿಸ್ಟರಿ ಅಂತ ಮೈಕ್ ಮುಂದೆ ಕೂತಿರ್ತೀಯಲ್ಲ, ಒಂದು ಹೇಳು. ನಾನು ಫಿನ್ನಿಷ್ ಕಲೀಲೋ, ಸ್ವೀಡಿಷ್ ಕಲೀಲೋ?"

ವಿಷಯ ಇಷ್ಟು. ಫಿನ್‌ಲ್ಯಾಂಡಿನ ಪೌರತ್ವ ಬೇಕು ಅಂದ್ರೆ 2003ರ ಕಾನೂನಿನ ಪ್ರಕಾರ ಭಾಷೆ ಗೊತ್ತು ಅಂತ ತೋರಿಸಬೇಕು. 2026ರ ಜನವರಿಯಿಂದ ಕಾಯಂ ವಾಸದ ಪರವಾನಗಿಗೂ ಭಾಷೆಯ ಷರತ್ತು ಬಂದಿದೆ. ಪರೀಕ್ಷೆಯಲ್ಲಿ ಆರು ಹಂತ, ಬೇಕಾಗಿರೋದು ಮೂರನೇ ಹಂತ. ಆದರೆ ಯಾವ ಭಾಷೆ ಅನ್ನೋದು ನಿಮ್ಮ ಇಷ್ಟ. ಫಿನ್ನಿಷ್ ಆದರೂ ಸರಿ, ಸ್ವೀಡಿಷ್ ಆದರೂ ಸರಿ.

ಇಂಗ್ಲಿಷ್ ಗೊತ್ತಿರೋರಿಗೆ ಸ್ವೀಡಿಷ್ ಹತ್ತಿರ. ಪುಸ್ತಕಕ್ಕೆ ಬೂಕ್, ಕೈಗೆ ಹಾಂಡ್, ಹಾಲಿಗೆ ಮ್ಯೋಲ್ಕ್. ಅದೇ ಫಿನ್ನಿಷ್‌ನಲ್ಲಿ ಕಿರ್ಯಾ, ಕ್ಯಾಸಿ, ಮೈತೋ. ಇಂಗ್ಲಿಷಿಗೂ ಅದಕ್ಕೂ ನಂಟೇ ಇಲ್ಲ. ವಿಭಕ್ತಿಗಳೇ ಹದಿನೈದು. ಭಾವ ಸ್ವೀಡಿಷ್ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅಕ್ಕನಿಗೆ ಮಾತ್ರ ಒಂದು ಅಳುಕು. "ನೂರರಲ್ಲಿ ಐದು ಜನ ಆಡೋ ಭಾಷೆ ಕಣೇ ಅದು. ಅದನ್ನ ಕಲಿತು ಪಾಸಾದ್ರೆ ಹಿಂಬಾಗಿಲಿಂದ ಒಳಗೆ ಬಂದ ಹಾಗಲ್ವಾ?"

ನಾನು ಬಿಕಾಂ ಓದಿದವಳು. ಮೊದಲು ಎರಡು ಕಾಲಂ ಎಳೆದು ಲೆಕ್ಕ ಹಾಕಿದೆ: ಎಷ್ಟು ತಿಂಗಳು, ಎಷ್ಟು ಫೀಸು, ಏನು ಲಾಭ. ಲೆಕ್ಕದಲ್ಲಿ ಸ್ವೀಡಿಷ್ ಗೆಲ್ತು. ಆದರೆ ಅಕ್ಕನ 'ಹಿಂಬಾಗಿಲು' ಯಾವ ಕಾಲಂಗೂ ಬೀಳಲಿಲ್ಲ. ಅದಕ್ಕೆ ಉತ್ತರ ಬೇಕು ಅಂದ್ರೆ, ಒಂದು ಪರೀಕ್ಷೆಗೆ ಎರಡು ಬಾಗಿಲು ಯಾಕಿದೆ ಅಂತ ನೋಡಬೇಕಿತ್ತು.

ಫಿನ್‌ಲ್ಯಾಂಡ್ ಆರು ಶತಮಾನಕ್ಕೂ ಹೆಚ್ಚು ಕಾಲ ಸ್ವೀಡನ್ ರಾಜ್ಯದ ಭಾಗವಾಗಿತ್ತು. ಕಚೇರಿ, ಕೋರ್ಟು, ವಿಶ್ವವಿದ್ಯಾಲಯ, ಓದಿದವರ ಮನೆ, ಎಲ್ಲ ಕಡೆ ಸ್ವೀಡಿಷ್ ಬೆಳೀತು. ಹೊಲದಲ್ಲಿ, ಕಾಡಿನಲ್ಲಿ ಹೆಚ್ಚಿನವರದು ಫಿನ್ನಿಷ್. ಕರಾವಳಿಯ ಮೀನುಗಾರರು, ರೈತರು ಎಷ್ಟೋ ಜನ ಸ್ವೀಡಿಷ್ ಆಡೋರೇ, ಆದ್ದರಿಂದ ಅದು ಬರೀ ಸಾಹುಕಾರರ ಭಾಷೆ ಅಂತ ಹೇಳೋಕಾಗಲ್ಲ. ಮಿಕಾಯೆಲ್ ಅಗ್ರಿಕೋಲಾ 1543ರ ಸುಮಾರಿಗೆ ಅಕ್ಷರಮಾಲೆಯ ಪುಸ್ತಕ ಅಚ್ಚು ಹಾಕಿಸಿದ್ದರಿಂದ ಫಿನ್ನಿಷ್‌ಗೆ ಬರಹ ಇತ್ತು. ಅಧಿಕಾರ ಇರಲಿಲ್ಲ.

1809ರಲ್ಲಿ ರಷ್ಯಾ ಯುದ್ಧ ಗೆದ್ದು ದೇಶವನ್ನ ತೆಗೆದುಕೊಳ್ತು. ದೊರೆ ಬದಲಾದರೂ ಕಚೇರಿ ಭಾಷೆ ಬದಲಾಗಲಿಲ್ಲ, ಸ್ವೀಡಿಷೇ ಮುಂದುವರೀತು. 1835ರಲ್ಲಿ ಎಲಿಯಾಸ್ ಲ್ಯೊನ್‌ರೋಟ್ ಹಳ್ಳಿ ಹಾಡುಗಳನ್ನ ಕೂಡಿಸಿ 'ಕಾಲೆವಾಲಾ' ಪ್ರಕಟಿಸಿದ ಮೇಲೆ, ಫಿನ್ನಿಷ್‌ಗೂ ಒಂದು ಮಹಾಕಾವ್ಯ ಇದೆ ಅಂತ ಓದಿದವರು ತಿರುಗಿ ನೋಡಿದರು. ಸರ್ಕಾರಕ್ಕೆ ಭಯ ಹತ್ತಿತು. 1848ರಲ್ಲಿ ಯುರೋಪಿನಲ್ಲೆಲ್ಲ ಕ್ರಾಂತಿ ಎದ್ದಿತ್ತಲ್ಲ, ಆ ಗಾಳಿ ರೈತರಿಗೆ ತಟ್ಟಬಾರದು ಅಂತ 1850ರಲ್ಲಿ ಒಂದು ಕಟ್ಟಳೆ ತಂದರು: ಫಿನ್ನಿಷ್‌ನಲ್ಲಿ ಧರ್ಮದ ವಿಷಯ, ಬೇಸಾಯ ವ್ಯವಹಾರದ ವಿಷಯ ಬಿಟ್ಟು ಬೇರೇನೂ ಅಚ್ಚು ಮಾಡಬಾರದು. ಯೋಚಿಸಿ, ನಾಡಿನ ಹೆಚ್ಚಿನ ಜನರ ಭಾಷೆಯಲ್ಲಿ ಕಾದಂಬರಿ ಅಚ್ಚು ಮಾಡೋದು ಕಾನೂನುಬಾಹಿರ. ಹತ್ತು ವರ್ಷದೊಳಗೆ ಆ ಕಟ್ಟಳೆ ಸಡಿಲವಾಯ್ತು.

ತಿರುವು ಬಂದಿದ್ದು 1863ರಲ್ಲಿ. ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಫಿನ್‌ಲ್ಯಾಂಡಿಗೆ ಬಂದಾಗ ಒಂದು ಆಜ್ಞೆಗೆ ಸಹಿ ಹಾಕಿದ: ಫಿನ್ನಿಷ್ ಆಡುವ ಜನರಿಗೆ ನೇರವಾಗಿ ಸಂಬಂಧಿಸಿದ ವಿಷಯಗಳಲ್ಲಿ, ಇಪ್ಪತ್ತು ವರ್ಷದೊಳಗೆ ಅವರ ಭಾಷೆಗೆ ಸ್ವೀಡಿಷ್‌ನಷ್ಟೇ ಸ್ಥಾನ ಸಿಗಬೇಕು. ಜನರನ್ನ ಸ್ವೀಡನ್ನಿನ ನೆನಪಿನಿಂದ ದೂರ ಇಡೋದು ರಷ್ಯಾಕ್ಕೂ ಅನುಕೂಲವೇ ಆಗಿತ್ತು.

ಈ ಆಜ್ಞೆಯ ಹಿಂದೆ ನಿಂತಿದ್ದವರು ಯೋಹಾನ್ ವಿಲ್‌ಹೆಲ್ಮ್ ಸ್ನೆಲ್‌ಮನ್. ತತ್ವಶಾಸ್ತ್ರಜ್ಞ, ಪತ್ರಕರ್ತ, ಆಮೇಲೆ ಸರ್ಕಾರದಲ್ಲಿ ಸೆನೆಟರ್. ಅಕ್ಕನಿಗೆ ನಾನು ಹೇಳಬೇಕು ಅಂದುಕೊಂಡ ಸಂಗತಿ ಇಲ್ಲೇ ಇದೆ. ಫಿನ್ನಿಷ್‌ಗಾಗಿ ಜೀವಮಾನ ಹೋರಾಡಿದ ಈ ಸ್ನೆಲ್‌ಮನ್ ಹುಟ್ಟಿದ್ದು ಸ್ಟಾಕ್‌ಹೋಮ್‌ನಲ್ಲಿ. ಅವರ ಮಾತೃಭಾಷೆ ಸ್ವೀಡಿಷ್. ಅವರೊಬ್ಬರೇ ಅಲ್ಲ, ಆ ಚಳವಳಿಯ ಎಷ್ಟೋ ಮುಂದಾಳುಗಳ ಮನೆಮಾತು ಸ್ವೀಡಿಷೇ. ಎಷ್ಟೋ ಮನೆಗಳಲ್ಲಿ ದೊಡ್ಡವರು ಬೇಕೆಂದೇ ಫಿನ್ನಿಷ್ ಕಲಿತು, ಮಕ್ಕಳನ್ನ ಫಿನ್ನಿಷ್ ಶಾಲೆಗೆ ಹಾಕಿದರು. ಸ್ನೆಲ್‌ಮನ್ ಹುಟ್ಟಿ ನೂರು ವರ್ಷವಾದ 1906ರ ಮೇ 12ರಂದು ಸಾವಿರಾರು ಜನ ತಮ್ಮ ಸ್ವೀಡಿಷ್ ಮನೆತನದ ಹೆಸರುಗಳನ್ನೇ ಬಿಟ್ಟು ಫಿನ್ನಿಷ್ ಹೆಸರು ಇಟ್ಟುಕೊಂಡರು.

ಅಂದರೆ ಭಾಷೆಯನ್ನ ಲೆಕ್ಕ ಹಾಕಿ, ಯೋಚಿಸಿ ಆರಿಸಿಕೊಂಡವರಲ್ಲಿ ಅಕ್ಕ ಮೊದಲನೆಯವಳಲ್ಲ. ಕನ್ನಡದವರಿಗೆ ಇದು ಅರ್ಥವಾಗದ್ದೇನಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು.

ಇನ್ನೊಂದು ಪಕ್ಕ ನೋಡಿ. ಸ್ವೀಡಿಷ್ ಅಲ್ಲಿ ಪರಭಾಷೆ ಅಲ್ಲವೇ ಅಲ್ಲ. ಫಿನ್‌ಲ್ಯಾಂಡಿನ ರಾಷ್ಟ್ರಗೀತೆಯನ್ನ ರೂನೆಬರ್ಗ್ ಬರೆದಿದ್ದು ಸ್ವೀಡಿಷ್‌ನಲ್ಲಿ. ಟೂವೆ ಯಾನ್ಸನ್ ಅವರ ಮೂಮಿನ್ ಕತೆಗಳು ಸ್ವೀಡಿಷ್‌ನವು. ಭಾವ ದಿನಾ ಕೆಲಸ ಮಾಡೋ ಲಿನಕ್ಸ್ ಶುರು ಮಾಡಿದ ಲಿನುಸ್ ತೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಹುಟ್ಟಿದವರು, ಮನೆಮಾತು ಸ್ವೀಡಿಷ್.

1917ರಲ್ಲಿ ಸ್ವಾತಂತ್ರ್ಯ ಬಂದಾಗ ಜಗಳ ಕಾನೂನಿನ ಮೇಜಿಗೆ ಬಂತು. 1919ರ ಸಂವಿಧಾನ ಎರಡನ್ನೂ ರಾಷ್ಟ್ರಭಾಷೆ ಅಂತ ಬರೀತು, 1922ರ ಭಾಷಾ ಕಾಯ್ದೆ ಯಾವ ಊರಲ್ಲಿ ಯಾವ ಭಾಷೆ ಅಂತ ವಿವರಿಸಿತು. ಈಗಲೂ ಒಂದು ಊರಲ್ಲಿ ಎರಡನೇ ಭಾಷೆಯವರು ನೂರಕ್ಕೆ ಎಂಟು ಜನ ಅಥವಾ ಮೂರು ಸಾವಿರ ಜನ ಇದ್ದರೆ ಅದು ದ್ವಿಭಾಷಾ ಊರು. ಅಕ್ಕನ ಎಸ್ಪೋ ಹಾಗೇನೇ. ಬೋರ್ಡುಗಳು ಎರಡು ಭಾಷೆಯಲ್ಲಿ, ಊರಿಗೇ ಎರಡು ಹೆಸರು: ಎಸ್ಪೋ, ಎಸ್ಬೂ.

ಜಗಳ ಅಲ್ಲಿಗೆ ಮುಗೀಲಿಲ್ಲ. ತುರ್ಕು ಅನ್ನೋ ಒಂದೇ ಊರಲ್ಲಿ 1918ರಲ್ಲಿ ಸ್ವೀಡಿಷ್ ವಿಶ್ವವಿದ್ಯಾಲಯ, 1920ರಲ್ಲಿ ಫಿನ್ನಿಷ್ ವಿಶ್ವವಿದ್ಯಾಲಯ ಶುರುವಾದವು. ಓಲಂಡ್ ದ್ವೀಪದವರು ಸ್ವೀಡನ್ನಿಗೇ ಸೇರ್ತೀವಿ ಅಂದರು. 1921ರಲ್ಲಿ ರಾಷ್ಟ್ರಸಂಘ ದ್ವೀಪಗಳನ್ನ ಫಿನ್‌ಲ್ಯಾಂಡಿಗೇ ಉಳಿಸಿ, ಅಲ್ಲಿನ ಸ್ವೀಡಿಷ್ ಭಾಷೆಗೆ ರಕ್ಷಣೆ ಕೊಡಿಸಿತು. ಇವತ್ತೂ ಓಲಂಡ್‌ನಲ್ಲಿ ಸ್ಥಳೀಯನ ಹಕ್ಕು ಬೇಕು ಅಂದ್ರೆ ಫಿನ್‌ಲ್ಯಾಂಡ್ ಪೌರತ್ವ, ಐದು ವರ್ಷದ ವಾಸ, ಜೊತೆಗೆ ಸಾಕಷ್ಟು ಸ್ವೀಡಿಷ್ ಬೇಕು. ಅಲ್ಲಿ ಫಿನ್ನಿಷ್ ನಡೆಯಲ್ಲ.

ಆದ್ದರಿಂದ ಅಕ್ಕನ ಅರ್ಜಿಯಲ್ಲಿರೋ 'ಫಿನ್ನಿಷ್ ಅಥವಾ ಸ್ವೀಡಿಷ್' ಅನ್ನೋ ಆಯ್ಕೆ ವಲಸೆ ಬಂದವರಿಗೆ ತೋರಿಸಿದ ಔದಾರ್ಯ ಅಲ್ಲ. ಒಂದೇ ಮನೆಯ ಇಬ್ಬರು ಜಗಳ ಆಡಿ ಆಡಿ, ಕೊನೆಗೆ ಮಾಡಿಕೊಂಡ ರಾಜಿ ಅದು. ಅದರ ನೆರಳಲ್ಲಿ ಹೊಸಬರಿಗೂ ಎರಡು ದಾರಿ ಸಿಕ್ಕಿದೆ. ಎರಡೂ ಮುಂಬಾಗಿಲೇ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. "ಅಕ್ಕ, ನೀನು ಸ್ವೀಡಿಷ್ ಕಲಿತ್ರೆ ಕಳ್ಳತನ ಏನಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಡೇಕೇರ್ ಸಂಗತಿ ಹೇಳಿದಳು. ಹೋದ ವಾರ ಮಗಳನ್ನ ಕರ್ಕೊಂಡು ಬರೋಕೆ ಹೋದಾಗ ಟೀಚರ್ ಏನೋ ಹೇಳಿದರಂತೆ, ಇವಳಿಗೆ ಅರ್ಥವಾಗಲಿಲ್ಲ. ಕೆಳಗಿಂದ ಮಗಳು ಹೇಳಿದಳು: "ಅಮ್ಮಾ, ನಾನು ಇವತ್ತು ಅತ್ತೆ ಅಂತಿದ್ದಾರೆ." ಆ ಡೇಕೇರ್ ನಡೆಯೋದು ಫಿನ್ನಿಷ್‌ನಲ್ಲಿ. ಕಾನೂನಿನಲ್ಲಿ ಎರಡೂ ಭಾಷೆ ಸಮ. ಅಕ್ಕನ ದಿನದಲ್ಲಿ ಅವು ಸಮ ಅಲ್ಲ.

ಅವಳು ಫಿನ್ನಿಷ್ ಕ್ಲಾಸಿಗೆ ಸೇರಿದ್ದಾಳೆ. ಭಾವ ಸ್ವೀಡಿಷ್ ಬಿಟ್ಟಿಲ್ಲ. ಪರೀಕ್ಷೆ ಅವರೇ ಮೊದಲು ಪಾಸ್ ಮಾಡಬಹುದು, ಅದು ಅವಳಿಗೂ ಗೊತ್ತು. ಆದರೆ ನಿನ್ನೆ ಖುಷಿಯಿಂದ ಒಂದು ವಾಯ್ಸ್ ನೋಟ್ ಕಳಿಸಿದ್ದಳು: "ಏ, ಇದು ನಮ್ಮ ಥರಾನೇ ಇದೆ ಕಣೇ! ತಾಲೊ ಅಂದ್ರೆ ಮನೆ, ತಾಲೊಸ್ಸಾ ಅಂದ್ರೆ ಮನೇಲಿ, ತಾಲೊಸ್ತಾ ಅಂದ್ರೆ ಮನೆಯಿಂದ. ಬಾಲ ಅಂಟಿಸ್ತಾ ಹೋಗೋದು ಅಷ್ಟೇ. ತುಲಿ ಬೆಂಕಿ, ತೂಲಿ ಗಾಳಿ. ನಮಗೆ ನಡು, ನಾಡು ಇಲ್ವಾ, ಹಾಗೆ."

ಹದಿನೈದು ವಿಭಕ್ತಿಯಲ್ಲಿ ಮೂರಾಯ್ತು, ಇನ್ನು ಹನ್ನೆರಡು. ಅಕ್ಕನ ರಿಸಲ್ಟ್ ಬಂದ ದಿನ ನಿಮಗೂ ತಿಳಿಸ್ತೀನಿ.